ಸಗಣಿ ನೀರಿನಲ್ಲಿ ಸೂರ್ಯ

ಮುತ್ತಿ ನಿಮ್ಮ ಮುಖ ನೋಡಬೇಕೆಂದರೆ ನಿಮ್ಮ ಕಿವಿಯ ಪಕ್ಕಕ್ಕೆ ನೋಡುತ್ತಾಳೆ. ಹೊಸಬರು ಇವಳಿಗೇನು ಸೊಕ್ಕು ಅಂದುಕೊಳ್ಳುತ್ತಾರೆ. ಒಮ್ಮೆ ಬಸ್ಸಿನ ಕಂಡಕ್ಟರ್, 'ಯಾರನ್ನಮ್ಮ ಹುಡುಕ್ತಾ ಇದ್ದೀಯ, ನಾನು ಇಲ್ಲಿದ್ದೀನಿ' ಎಂದು ರೇಗಿದ. ಅವಳು ಅವನನ್ನೇ ನೋಡುತ್ತಿದ್ದಳು. ನೇರವಾಗಿ ನೋಡಿದರೆ ಅವಳಿಗೆ ಮುಖ ಸಿಗುವುದಿಲ್ಲ, ಮುಖ ಇರಬೇಕಾದ ಜಾಗದಲ್ಲಿ ಒಂದು ಬೂದು ಕಲೆ ಇರುತ್ತದೆ. ಪಕ್ಕಕ್ಕೆ ನೋಡಿದರೆ ಅಂಚಿನಲ್ಲಿ ಮಸುಕು ಮಸುಕಾಗಿ ಏನೋ ಒಂದಿಷ್ಟು ಕಾಣುತ್ತದೆ.

ಇದು ಹೀಗಾದದ್ದು ನನ್ನಿಂದ. ಸುತ್ತಿ ಬಳಸಿ ಮಾತಾಡುವ ಸ್ವಭಾವ ನನ್ನದಲ್ಲ. ಆದರೂ ಹೇಳಲೇಬೇಕಾಗಿದ್ದ ಒಂದೇ ಒಂದು ಮಾತಿಗೆ ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ನಾನು ಅಶ್ವಥ್. ಗೋಣಿಕೊಪ್ಪಲಿನಾಚೆ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದ ಮೇಲಾಯಿತು, ವಿಜ್ಞಾನದ ಮೇಷ್ಟ್ರು. ಹುಟ್ಟಿದ್ದು ಕುಶಾಲನಗರದ ಹತ್ತಿರ, ನಮ್ಮಜ್ಜ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು. ನನಗೆ ಕೋಪ ಮೂಗಿನ ತುದಿಯಲ್ಲಿ, ಹೊಗಳಿಕೆ ಅಂದರೆ ಬಾಯಲ್ಲಿ ನೀರು. ಈ ಎರಡನ್ನೂ ನನ್ನ ಹೆಂಡತಿ ಆಶಾರಾಣಿ ಮದುವೆಯಾದ ತಿಂಗಳೊಳಗೇ ಕಂಡುಹಿಡಿದಳು. ನನಗೆ ತಿಳಿಯಲು ಒಂದು ಗ್ರಹಣ ಬೇಕಾಯಿತು.

ಮುತ್ತಿ ನಮ್ಮ ಶಾಲೆಯಿಂದ ಎರಡು ಕಿಲೋಮೀಟರ್ ದೂರದ ಕಾಫಿ ಎಸ್ಟೇಟಿನ ಲೈನಿನವಳು. ಲೈನು ಅಂದರೆ ಕೆಲಸಗಾರರಿಗೆಂದು ಎಸ್ಟೇಟಿನವರು ಕಟ್ಟಿಸಿದ ಸಾಲುಮನೆ. ಗಂಡ ನಿಂಗ ನೆರಳಿನ ಮರದ ಕೊಂಬೆ ಕಡಿಯುವಾಗ ಕಾಲು ಜಾರಿ ಬಿದ್ದು ತೀರಿಕೊಂಡಿದ್ದ. ಇದ್ದ ಒಬ್ಬಳೇ ಮಗಳು ಲಿಖಿತಾ ನನ್ನ ಹತ್ತನೇ ತರಗತಿಯಲ್ಲಿದ್ದಳು. ಮನೆಯಲ್ಲಿ ಅವರ ಮಾತು ಬೇರೆ, ನಮ್ಮ ಜೊತೆ ಕನ್ನಡ.

ಕಾಫಿ ಕುಯ್ಯುವುದು ಅಂದರೆ ಕೈ ಹಾಕಿ ಕಿತ್ತು ಚೀಲಕ್ಕೆ ತುಂಬುವುದಲ್ಲ. ಅರೇಬಿಕಾ ಗಿಡದ ಒಂದೇ ಗೊಂಚಲಿನಲ್ಲಿ ಕೆಂಪು ಹಣ್ಣು, ಅರೆಹಣ್ಣು, ಹಸಿರು ಕಾಯಿ ಮೂರೂ ಇರುತ್ತವೆ. ಹಣ್ಣನ್ನು ಮಾತ್ರ ಬಿಡಿಸಿಕೊಂಡು ಕಾಯಿಯನ್ನು ಗಿಡದಲ್ಲೇ ಬಿಡಬೇಕು. ಎಸ್ಟೇಟಿನ ಕೆಲಸ ನೋಡಿಕೊಳ್ಳುವ ರೈಟರ್ ಉತ್ತಯ್ಯನವರು ಸಂಜೆ ಎಲ್ಲರ ಚೀಲವನ್ನೂ ಟಾರ್ಪಾಲಿನ ಮೇಲೆ ಸುರಿಸಿ ಕೈಯಾಡಿಸಿ ನೋಡುವರು. ಮುತ್ತಿಯ ಚೀಲವನ್ನು ಮಾತ್ರ ಸುರಿಸುತ್ತಿರಲಿಲ್ಲ. 'ಅವಳದ್ದು ಬಿಡಿ ಮಾಷ್ಟ್ರೇ, ಅದ್ರಲ್ಲಿ ಒಂದು ಹಸಿರು ಕಾಯಿ ಸಿಕ್ಕಿದ್ರೆ ನಾನು ಮೀಸೆ ಬೋಳಿಸ್ತೇನೆ' ಎಂದು ಒಮ್ಮೆ ನನಗೇ ಹೇಳಿದ್ದರು.

ಅವಳ ಕಣ್ಣು ಎಂಥದ್ದೆಂದು ನಾನೂ ನೋಡಿದ್ದೆ. ಪೋಷಕರ ಸಭೆಯ ದಿನ ನನ್ನ ಕನ್ನಡಕದ ಕಾಲಿನ ಸ್ಕ್ರೂ ಅಂಗಳದ ಜಲ್ಲಿಯಲ್ಲಿ ಬಿದ್ದುಹೋಯಿತು. ಸಾಸಿವೆಗಿಂತ ಸಣ್ಣದು. ನಾಲ್ಕು ಮೇಷ್ಟ್ರುಗಳು, ಹತ್ತು ಮಕ್ಕಳು ನೆಲಕ್ಕೆ ಬಿದ್ದು ಹುಡುಕಿದರೂ ಸಿಗಲಿಲ್ಲ. ಮುತ್ತಿ ಮೂಲೆಯಲ್ಲಿ ನಿಂತಿದ್ದವಳು ನಿಂತಲ್ಲಿಂದಲೇ, 'ಅಗೋ ಸಾರ್, ನಿಮ್ಮ ಚಪ್ಪಲಿ ಹತ್ರ' ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಅವಮಾನವಾಗಿತ್ತು.

ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರ್ ಇಪ್ಪತ್ತಾರಕ್ಕೆ ಕೊಡಗಿನ ಮೇಲೆ ಹಾದುಹೋಗುವ ಗ್ರಹಣವಿತ್ತು. ಚಂದ್ರ ಅಡ್ಡ ಬಂದರೂ ಸೂರ್ಯನನ್ನು ಪೂರ್ತಿ ಮುಚ್ಚಲಾರದೆ ಸುತ್ತಲೂ ಬಳೆಯಂತೆ ಬೆಳಕು ಉಳಿಯುವ ಗ್ರಹಣ. ಎಲ್ಲಿಂದಲೋ ಜನ ಕಾರು ಮಾಡಿಕೊಂಡು ಕುಟ್ಟದ ಕಡೆ ಬರುತ್ತಿದ್ದರು. ನಮ್ಮ ಶಾಲೆಗೆ ಬಂದದ್ದು ರಟ್ಟಿನ ಕನ್ನಡಕ ನಲವತ್ತು, ಮಕ್ಕಳು ಇನ್ನೂರೈವತ್ತು. ಕನ್ನಡಕ ಸಿಗದವರು ನೋಡಕೂಡದು ಎಂದು ಹೇಳಿ ಮುಗಿಸಿದ್ದರೆ ಆಗುತ್ತಿತ್ತು. ಗ್ರಹಣಕ್ಕೆ ಎರಡು ದಿನ ಮೊದಲು ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ಮಾತಾಡಿ ಅಂದರು. ನನಗೆ ಎರಡು ಮಾತು ಎಂದರೆ ಇಪ್ಪತ್ತು ನಿಮಿಷ.

'ಹಿತ್ತಲ ಗಿಡ ಮದ್ದಲ್ಲ ಅಂತ ನಾವು ನಮ್ಮ ಹಿರಿಯರನ್ನ ಹಗುರ ಮಾಡ್ತೀವಿ' ಎಂದು ಶುರು ಮಾಡಿದೆ. 'ಗ್ರಹಣವನ್ನ ಸಗಣಿ ನೀರಲ್ಲಿ ನೋಡಿ ಅಂತ ಅವರು ಹೇಳ್ತಿದ್ರು. ನಾವು ನಗ್ತೀವಿ. ಅದರಲ್ಲಿ ಎಂಥ ವಿಜ್ಞಾನ ಇದೆ ಗೊತ್ತಾ? ನೀರಿನ ಮೇಲೆ ಬಿದ್ದ ಬೆಳಕಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಪ್ರತಿಫಲನ ಆಗುತ್ತೆ. ಮಿಕ್ಕ ತೊಂಬತ್ತೆಂಟು ಪಾಲು ನೀರಿನ ಒಳಕ್ಕೆ ಹೋಗುತ್ತೆ. ಒಳಗೆ ಸಗಣಿ ಅದನ್ನ ಹೀರಿಕೊಳ್ಳುತ್ತೆ. ಕಣ್ಣಿಗೆ ಬರೋದು ಆ ಎರಡು ಪಾಲು. ಕನ್ನಡಕ ಸಿಗದವರು ಬೇಜಾರು ಮಾಡ್ಕೋಬೇಡಿ.'

ಚಪ್ಪಾಳೆಯೋ ಚಪ್ಪಾಳೆ. ಹೆಡ್‌ಮಾಸ್ಟರು ಭುಜ ತಟ್ಟಿದರು. ಮಕ್ಕಳು ತರಗತಿಗೆ ಹೋಗುವಾಗ ಲಿಖಿತಾ ಹಿಂದೆ ಉಳಿದು ಕೇಳಿದಳು, 'ಸಾರ್, ನೀರಲ್ಲಿ ಎಷ್ಟು ಹೊತ್ತು ನೋಡ್ಬಹುದು?'

ಇಡೀ ಶಾಲೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ನಾನು ಚಪ್ಪಾಳೆಯ ಅಮಲಿನಲ್ಲಿದ್ದೆ. 'ಎಷ್ಟು ಹೊತ್ತು ಬೇಕಾದ್ರೂ ನೋಡಮ್ಮ, ಅದು ಬರೀ ಬಿಂಬ' ಅಂದೆ.

ಅವಳು ಮನೆಗೆ ಹೋಗಿ ಅಕ್ಷರ ಬಿಡದೆ ಒಪ್ಪಿಸಿದಳು. ಮುತ್ತಿಗೆ ಹಿಗ್ಗೋ ಹಿಗ್ಗು. ಅದುವರೆಗೆ ಶಾಲೆಯಲ್ಲಿ ಹೇಳಿದ್ದೆಲ್ಲ ಮನೆಯ ಮಾತಿಗೆ ಉಲ್ಟಾ ಇರುತ್ತಿತ್ತು. ಇದೊಂದು ಸಲ ಅವಳ ಅಜ್ಜಿ ಹೇಳಿದ್ದನ್ನೇ ಮೇಷ್ಟ್ರೂ ಹೇಳಿದ್ದರು. ಲೈನಿನ ಮನೆಮನೆಗೂ ಹೋಗಿ, ಮಕ್ಕಳನ್ನು ಒಳಗೆ ಕೂಡಿಹಾಕಬೇಡಿ, ನಾನು ತೋರಿಸುತ್ತೇನೆ ಎಂದು ಹೇಳಿ ಬಂದಳಂತೆ.

ಆ ಬೆಳಗ್ಗೆ ಗ್ರಹಣ ಬಿಡುವವರೆಗೆ ಯಾರೂ ತೋಟಕ್ಕೆ ಇಳಿಯಲಿಲ್ಲ. ಉತ್ತಯ್ಯನವರು ಗೊಣಗಿ ಸುಮ್ಮನಾದರು. ಮುತ್ತಿ ಅಂಗಳದ ನಡುವೆ ದೊಡ್ಡ ಅಲ್ಯೂಮಿನಿಯಂ ಬೇಸನ್ ಇಟ್ಟು, ಸಗಣಿ ಕದಡಿದ ನೀರು ತುಂಬಿ, ಹನ್ನೆರಡು ಮಕ್ಕಳನ್ನು ಸರದಿಯಲ್ಲಿ ನಿಲ್ಲಿಸಿದಳು. ಮಕ್ಕಳು ಬಗ್ಗುವುದು, ಬೇಸನ್ನಿಗೆ ಕಾಲು ತಾಗಿಸುವುದು, ನೀರು ಅಲುಗಿ ಸೂರ್ಯ ಚೂರುಚೂರಾಗುವುದು. ಹಾಗಾಗಿ ಒಬ್ಬೊಬ್ಬರಿಗೆ ಕಂಡದ್ದು ಒಂದೆರಡು ಕ್ಷಣ. ಅವರೆಲ್ಲ ಸರಿದು ನೀರು ನಿಂತಾಗ ನೋಡುತ್ತಿದ್ದವಳು ಮುತ್ತಿ. ಈಗ ಕಾಲು ಭಾಗ ಹೋಯಿತು, ಈಗ ಅರ್ಧ ಎಂದು ಮಕ್ಕಳಿಗೆ ಹೇಳಬೇಕಲ್ಲ. ಎಂಟು ಗಂಟೆಯಿಂದ ಹನ್ನೊಂದರವರೆಗೆ ಬೇಸನ್ ಬಿಟ್ಟು ಏಳಲಿಲ್ಲವಂತೆ.

ಅದೇ ಹೊತ್ತಿಗೆ ನಾನು ಶಾಲೆಯ ಹಲಸಿನ ಮರದಡಿ ನಿಂತಿದ್ದೆ. ಎಲೆಗಳ ನಡುವಿನ ಒಂದೊಂದು ಕಿಂಡಿಯೂ ಸೂಜಿರಂಧ್ರದ ಕ್ಯಾಮೆರಾದಂತೆ ನೆಲದ ಮೇಲೆ ಸೂರ್ಯನನ್ನು ಮೂಡಿಸುತ್ತಿತ್ತು. ಬೆಳಕು ನೇರ ಗೆರೆಯಲ್ಲಿ ಚಲಿಸುತ್ತದೆ ಎಂಬ ಒಂದು ಸಾಲಿನ ಪಾಠ, ಅಷ್ಟೇ. ಒಂಬತ್ತೂವರೆಯ ಹೊತ್ತಿಗೆ ಅಂಗಳದ ತುಂಬ ನೂರಾರು ಬಳೆಗಳು ಬಿದ್ದಿದ್ದವು. ಅದನ್ನು ನೋಡಲು ಕನ್ನಡಕ ಬೇಡ, ಬೇಸನ್ ಬೇಡ, ಸೂರ್ಯನಿಗೆ ಬೆನ್ನು ಹಾಕಿ ನೆಲ ನೋಡಿದರೆ ಸಾಕು. ಲೈನಿನ ಸುತ್ತ ಇರುವುದೆಲ್ಲ ಮರವೇ. ಭಾಷಣದಲ್ಲಿ ನಾನು ಇದನ್ನು ಹೇಳಲಿಲ್ಲ, ಏಕೆಂದರೆ ಇದರಲ್ಲಿ ಚಪ್ಪಾಳೆ ಇರಲಿಲ್ಲ.

ಮೂರನೆಯ ದಿನ ಲಿಖಿತಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

'ಅಮ್ಮಂಗೆ ಕಣ್ಣಿನ ನಡುವೆ ಏನೋ ಅಂಟಿಕೊಂಡ ಹಾಗೆ ಆಗ್ತದೆ ಸಾರ್. ಎಷ್ಟು ತೊಳೆದ್ರೂ ಹೋಗ್ತಾ ಇಲ್ಲ. ನಿನ್ನೆ ಚೀಲದ ತುಂಬ ಕಾಯಿ ಕುಯ್ದು ತಂದಿದ್ದಾರೆ. ಉತ್ತಯ್ಯ ಸಾರ್ ಏನೂ ಬೈಲಿಲ್ಲ. ಸುಮ್ಮನೆ ನೋಡ್ತಾ ನಿಂತ್ರು.'

'ನೋವಿದೆಯಾ?'

'ಇಲ್ಲ ಸಾರ್. ನೋವೇ ಇಲ್ಲ.'

ನೋವಿದ್ದಿದ್ದರೆ ಕಣ್ಣಿನ ಹೊರಗಿನದ್ದು, ಧೂಳೋ ಉರಿಯೋ ಅನ್ನಬಹುದಿತ್ತು. ಒಳಗಿನ ಅಕ್ಷಿಪಟಕ್ಕೆ ನೋವು ತಿಳಿಸುವ ನರವಿಲ್ಲ. ಅದು ಸುಟ್ಟರೂ ಸುಟ್ಟವರಿಗೆ ಗೊತ್ತಾಗುವುದಿಲ್ಲ.

ಜನವರಿಯ ಮೊದಲ ವಾರ ನಾನೇ ಅವಳನ್ನು ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿತ್ರ ತೆಗೆದು, ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಕಣ್ಣಿನ ಮಸೂರ ಹೊರಗಿನ ಬೆಳಕನ್ನು ಅಕ್ಷಿಪಟದ ನಡುವೆ ಒಂದು ಚುಕ್ಕೆಗೆ ಕೂಡಿಸುತ್ತದೆ. ಗುಂಡುಸೂಜಿಯ ತಲೆಯಷ್ಟು ಜಾಗ ಅದು. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು, ಹಣ್ಣು ಯಾವುದು ಕಾಯಿ ಯಾವುದು ಎಂದು ಬೇರೆ ಮಾಡುವುದು ಎಲ್ಲ ಅಲ್ಲಿಂದಲೇ. ಎರಡೂ ಕಣ್ಣಿನಲ್ಲಿ ಅಲ್ಲೇ ಸುಟ್ಟಿತ್ತು. ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಡುವುದನ್ನು ಪ್ರತಿ ವರ್ಷ ಮಕ್ಕಳಿಗೆ ಮಾಡಿ ತೋರಿಸುವವನು ನಾನು. ಪ್ರತಿ ವರ್ಷವೂ ಅವರು ಬೆರಗಾಗುತ್ತಾರೆ, ನಾನು ಬೀಗುತ್ತೇನೆ.

'ಹೇಗೆ ನೋಡಿದ್ರಿ?' ಡಾಕ್ಟರು ಕೇಳಿದರು.

ಆಗ ನಾನು ಬಾಯಿ ಬಿಡಬೇಕಿತ್ತು. ಮುತ್ತಿ ಅಂದಳು, 'ನೀರಲ್ಲೇ ನೋಡಿದ್ದು. ಮಕ್ಕಳೆಲ್ಲ ಬಳೆ ಬಳೆ ಅಂತ ಕೂಗಿದಾಗ ನಾನು ತಲೆ ಎತ್ತಿದೆನೋ ಏನೋ. ನೆನಪಿಲ್ಲ ಸಾರ್.'

'ಎತ್ತಿರ್ತೀರಿ' ಎಂದು ಅವರು ಬರೆದುಕೊಂಡರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಕೆಲವರಿಗೆ ಆರು ತಿಂಗಳಲ್ಲಿ ಸ್ವಲ್ಪ ಸುಧಾರಿಸುತ್ತದೆ, ಕಾದು ನೋಡಿ ಅಂದರು.

ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. 'ನೀವು ಸರಿಯಾಗೇ ಹೇಳಿದ್ರಿ ಸಾರ್. ನಾನೇ ಕೆಡಿಸ್ಕೊಂಡೆ' ಅಂದಳು.

ಮನೆಗೆ ಬಂದು ಪುಸ್ತಕ ತೆಗೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗ್ರಹಣದ ಕನ್ನಡಕ ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಬಿಡುವುದು ಲಕ್ಷದಲ್ಲಿ ಒಂದು ಪಾಲಿನಷ್ಟು. ನೂರರಲ್ಲಿ ಎರಡು ಎಂದರೆ ಲಕ್ಷದಲ್ಲಿ ಎರಡು ಸಾವಿರ. ಆ ಎರಡು ಕೂಡ ಬೆಳಕು ನೆತ್ತಿಯ ಮೇಲಿನಿಂದ ನೇರ ಬಿದ್ದಾಗ. ಬೆಳಗಿನ ಸೂರ್ಯ ಕೆಳಗಿರುತ್ತಾನೆ, ಓರೆಯಾಗಿ ಬಿದ್ದ ಬೆಳಕನ್ನು ನೀರು ಇನ್ನೂ ಹೆಚ್ಚು ವಾಪಸು ಕಳಿಸುತ್ತದೆ. ಎಂಟು ಗಂಟೆಯ ಹೊತ್ತಿಗೆ ಅದು ನೂರಕ್ಕೆ ಹದಿನೈದರ ಹತ್ತಿರ. ಸಗಣಿ ನೀರಿನ ಒಳಗೆ ಹೋದ ಬೆಳಕನ್ನು ಹೀರಿತು ನಿಜ, ಮೇಲಿನಿಂದಲೇ ಚಿಮ್ಮಿ ಬಂದದ್ದಕ್ಕೆ ಅದು ಏನು ಮಾಡೀತು?

ಆಶಾರಾಣಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

'ಅಲ್ರೀ, ಸಂಜೆ ಕೆರೆ ಏರಿ ಮೇಲೆ ನಡೆಯೋವಾಗ ನೀರು ಕಣ್ಣು ಕುಕ್ಕುತ್ತೆ ಅಂತ ಟೋಪಿ ಎಳ್ಕೊಳ್ಳೋರು ನೀವೇ ಅಲ್ವಾ? ಅದು ಗೊತ್ತಿದ್ದೂ ಹೀಗೆ ಹೇಳಿದ್ರಾ?'

'ಹ್ಞೂಂ.'

'ಹೋಗಿ ಹೇಳಿ ಬನ್ನಿ. ತಪ್ಪು ಹೇಳಿಕೊಟ್ಟೆ ಅಂತ ಹೇಳಿ ಬನ್ನಿ.'

ನಾಳೆ ಹೋಗುತ್ತೇನೆ ಅಂದೆ. ಪರೀಕ್ಷೆ ಹತ್ತಿರ ಬಂತು ಅಂದೆ. ಮಾರ್ಚಿನಲ್ಲಿ ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿತು. ಜಗತ್ತೇ ಅಳುತ್ತಿದ್ದಾಗ ನನಗೆ ಒಳಗೊಳಗೇ ಸಮಾಧಾನವಾಯಿತು, ಲೈನಿಗೆ ಹೋಗದೆ ಇರಲು ಒಂದು ನೆಪ ಸಿಕ್ಕಿತ್ತು. ಇಂಥ ಮನುಷ್ಯ ನಾನು.

ಆ ವರ್ಷ ಲಿಖಿತಾ ಮೊದಲ ದರ್ಜೆಯಲ್ಲಿ ಪಾಸಾದಳು. ಲೈನಿನ ಮನೆ ಉಳಿಯಬೇಕಾದರೆ ಮನೆಯಿಂದ ಒಬ್ಬರಾದರೂ ಕೆಲಸಕ್ಕೆ ಬರಬೇಕು. ಅವಳು ಅಮ್ಮನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡಳು. ಕಾಲೇಜಿಗೆ ಸೇರಿಸುತ್ತೇನೆ, ನಾನು ನೋಡಿಕೊಳ್ಳುತ್ತೇನೆ ಎಂದು ಹೋದೆ. 'ಅಮ್ಮನ ಕಣ್ಣು ಸರಿ ಆಗ್ಲಿ ಸಾರ್, ಆಮೇಲೆ ಸೇರ್ತೇನೆ. ಸದ್ಯಕ್ಕೆ ಹೀಗೆ' ಅಂದಳು. ಆ ಸದ್ಯ ಇನ್ನೂ ಮುಗಿದಿಲ್ಲ.

ಮುತ್ತಿಗೆ ಮಾತ್ರ ತನ್ನ ಕಣ್ಣು ಬಂದೇ ಬರುತ್ತದೆಂದು ನಂಬಿಕೆ. ಅವಳ ಲೆಕ್ಕ ಸರಳವಾಗಿತ್ತು. ಗ್ರಹಣ ಹಿಡಿದಿದ್ದಾಗ ತಲೆ ಎತ್ತಿ ದೇವರ ಮುಖ ನೋಡಿದ್ದು ತಪ್ಪು. ತಪ್ಪಿಗೆ ಕಾಣಿಕೆ ಇದೆ, ಹರಕೆ ಇದೆ, ಕ್ಷಮೆ ಇದೆ. ಅಮಾವಾಸ್ಯೆ ಅಮಾವಾಸ್ಯೆಗೆ ಹಗಲಿಡೀ ಹನಿ ನೀರೂ ಮುಟ್ಟದೆ ಉಪವಾಸ, ಕತ್ತಲಾದ ಮೇಲೆ ತೋಟದಂಚಿನಲ್ಲಿ ಕಾವಲು ದೈವ ಗುಳಿಗನ ಕಲ್ಲಿಗೆ ಎಣ್ಣೆದೀಪ ಇಟ್ಟು ಬಂದೇ ಊಟ. ನಾನು ಹೋದಾಗಲೆಲ್ಲ ಏನಾದರೊಂದು ಸುಧಾರಿಸಿದ್ದನ್ನು ಹೇಳುವಳು.

'ಇವತ್ತು ನಿಮ್ಮ ಕನ್ನಡಕ ಕಂಡ ಹಾಗಾಯ್ತು ಸಾರ್.'

ಕನ್ನಡಕ ನನ್ನ ಜೇಬಿನಲ್ಲಿತ್ತು. 'ಹೌದಾ, ಒಳ್ಳೇದಾಯ್ತು' ಅಂದೆ.

ಮರುವರ್ಷ ಮತ್ತೆ ಮೈಸೂರಿಗೆ ಹೋದೆವು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಬರುವುದಿದ್ದರೆ ಇಷ್ಟರಲ್ಲಿ ಬರಬೇಕಿತ್ತು, ಇನ್ನು ಸುಮ್ಮನೆ ಓಡಾಡಿಸಬೇಡಿ ಅಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವಳು ಎದ್ದು ನಿಂತು ನನ್ನ ಭುಜದ ಕಡೆ ನೋಡುತ್ತಾ, 'ಏನಂದ್ರು ಸಾರ್?' ಎಂದು ಕೇಳಿದಳು. 'ನೋಡೋಣ ಅಂದ್ರು' ಅಂದೆ. ಮುಂದಿನ ಅಮಾವಾಸ್ಯೆಗೂ ಅವಳು ಉಪವಾಸ ಮಾಡಿದಳು, ಅದರ ಮುಂದಿನದಕ್ಕೂ.

ಎರಡು ಸಾವಿರದ ಇಪ್ಪತ್ತೆರಡು, ಅಕ್ಟೋಬರ್ ಇಪ್ಪತ್ತೈದು. ದೀಪಾವಳಿಯ ಅಮಾವಾಸ್ಯೆ. ಅವತ್ತು ಸಂಜೆ ಮತ್ತೊಂದು ಗ್ರಹಣ, ಚಿಕ್ಕದು. ಸೂರ್ಯ ಮುಳುಗುವ ಹೊತ್ತಿಗೆ ಒಂದು ಅಂಚು ಮಾತ್ರ ಮರೆಯಾಗುವಂಥದ್ದು. ಶಾಲೆಗೆ ರಜೆ ಇತ್ತು. ಮಧ್ಯಾಹ್ನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಕ್ಕಳು ಬರಿಗಣ್ಣಿನಲ್ಲಿ ನೋಡಿಯಾರು ಎಂದು ಐದು ಗಂಟೆ ದಾಟಿದ ಮೇಲೆ ಲೈನಿನ ಕಡೆ ನಡೆದೆ.

ಅಂಗಳದ ನಡುವೆ ಅದೇ ಬೇಸನ್. ಸುತ್ತ ಏಳೆಂಟು ಮಕ್ಕಳು. ಸೂರ್ಯ ಮರಗಳ ಸಂದಿನಲ್ಲಿ ಅಡ್ಡಕ್ಕೆ ಇಳಿದಿದ್ದ, ಸಗಣಿ ನೀರು ದೂರಕ್ಕೇ ಕಣ್ಣಿಗೆ ಹೊಡೆಯುತ್ತಿತ್ತು. ಮುತ್ತಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಬ್ಬ ಪುಟ್ಟ ಹುಡುಗಿಯ ಕತ್ತಿನ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ್ದಳು.

'ಮೇಲೆ ಮಾತ್ರ ನೋಡ್ಬೇಡ. ನಾನು ನೋಡಿ ಕೆಟ್ಟೆ. ನೀರಲ್ಲಿ ಎಷ್ಟು ಹೊತ್ತು ಬೇಕಾದ್ರೂ ನೋಡು. ಅಶ್ವಥ್ ಸಾರ್ ಹೇಳಿದ್ದಾರೆ.'

ನಾನು ಓಡಿಹೋಗಿ ಬೇಸನ್ನನ್ನು ಒದ್ದೆ. ಅದು ಉರುಳಿ ಸಗಣಿ ನೀರು ಅವಳ ಸೀರೆಗೆ, ಮಕ್ಕಳ ಕಾಲಿಗೆ, ನನ್ನ ಪ್ಯಾಂಟಿಗೆ ಸಿಡಿಯಿತು. ಹುಡುಗಿ ಅಳಲು ಶುರು ಮಾಡಿದಳು. ಲಿಖಿತಾ ಮನೆಯಿಂದ ಹೊರಗೆ ಬಂದಳು. ಮಕ್ಕಳನ್ನೆಲ್ಲ ತಿರುಗಿಸಿ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಲೈನಿನ ಸುಣ್ಣದ ಗೋಡೆ ತೋರಿಸಿದೆ. ಎಲೆಗಳ ಸಂದಿನಿಂದ ಬಂದ ಬೆಳಕು ಅಲ್ಲಿ ಅಂಚು ಕಚ್ಚಿದ ಅಕ್ಕಿರೊಟ್ಟಿಯಂತೆ ಸಾಲಾಗಿ ಬಿದ್ದಿತ್ತು. ಅವರು ಅಳು ಮರೆತು ಗೋಡೆ ಮುಟ್ಟಿ ಮುಟ್ಟಿ ನೋಡತೊಡಗಿದರು.

'ಯಾರದು?' ಮುತ್ತಿ ಕೇಳಿದಳು. 'ಅಶ್ವಥ್ ಸಾರಾ?'

'ಹೌದು ಮುತ್ತಿ. ನಾನೇ.'

'ಯಾಕೆ ಸಾರ್ ಒದ್ರಿ? ನೀವು ಹೇಳಿದ ಹಾಗೇ ಮಾಡಿದ್ದೆ.'

'ನಾನು ಹೇಳಿದ್ದು ತಪ್ಪು. ನೀರಲ್ಲಿ ನೋಡಿದ್ರೂ ಸುಡುತ್ತೆ. ಅವತ್ತು ನಿನ್ನ ಕಣ್ಣು ಹೋಗಿದ್ದು ಅದರಿಂದಲೇ. ನನಗೆ ಮೂರು ವರ್ಷದಿಂದ ಗೊತ್ತಿತ್ತು.'

ಅವಳು ಒದ್ದೆ ಸೆರಗು ಹಿಂಡಿಕೊಂಡಳು. ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

'ಹಂಗಾದ್ರೆ ನಾನು ತಲೆ ಎತ್ಲಿಲ್ವಾ?'

'ಎತ್ತಿರಲಿಕ್ಕಿಲ್ಲ.'

'ನಂದು ತಪ್ಪೇನೂ ಇಲ್ವಾ ಸಾರ್?'

'ಏನೂ ಇಲ್ಲ. ತಪ್ಪೆಲ್ಲ ನಂದು.'

ಇದನ್ನು ಕೇಳಿ ಅವಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಎದುರಿಗಿರುವವರ ಮನಸ್ಸು ಅಷ್ಟೂ ತಿಳಿಯದು. ಅವಳ ಮುಖ ನೋಡನೋಡುತ್ತಿದ್ದಂತೆ ಇಳಿದುಹೋಯಿತು.

'ನನ್ನ ತಪ್ಪಾಗಿದ್ರೆ ದೇವ್ರು ಕ್ಷಮಿಸಿ ಕಣ್ಣು ಕೊಡ್ತಿದ್ದ' ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, 'ಸುಟ್ಟಿದ್ದು ವಾಪಸ್ ಬರ್ತದಾ ಸಾರ್?'

ಲಿಖಿತಾ ನನ್ನನ್ನೇ ನೋಡುತ್ತಿದ್ದಳು. ನೋಡೋಣ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು.

'ಇಲ್ಲ ಮುತ್ತಿ. ಬರೋದಿಲ್ಲ.'

'ಡಾಕ್ಟರೂ ಹಂಗೇ ಅಂದಿದ್ರಾ?'

'ಹೌದು.'

ಅವಳು ನೆಲಕ್ಕೆ ಕೈಯೂರಿ ಎದ್ದಳು. ಮನೆಯ ಹೊಸ್ತಿಲವರೆಗೆ ಹೋಗಿ ಕೂತಳು.

'ಲಿಖಿತಾ, ಅನ್ನ ಹಾಕು.'

'ಗ್ರಹಣ ಬಿಟ್ಟಿಲ್ಲಮ್ಮ. ಗುಳಿಗಂಗೆ ದೀಪಾನೂ ಇಟ್ಟಿಲ್ಲ.'

'ಹಾಕು.'

ಲಿಖಿತಾ ಒಳಗೆ ಹೋಗಿ ತಟ್ಟೆ ತಂದಿಟ್ಟಳು. ಮಕ್ಕಳು ಗೋಡೆ ಬಿಟ್ಟು ಇತ್ತ ತಿರುಗಿ ನೋಡುತ್ತಾ ನಿಂತರು. ಮುತ್ತಿ ತಟ್ಟೆಯಲ್ಲಿದ್ದ ಅನ್ನವನ್ನೆಲ್ಲ ಉಂಡಳು.